ಟೆಕ್ ಸಮಾವೇಶದಲ್ಲಿ ಚೆಕ್ ಸಿಗುವುದಿಲ್ಲ: ಆದರೂ ಸಂಸ್ಥಾಪಕರು ಯಾಕೆ ಹೋಗಬೇಕು, ಹೇಗೆ ಹೋಗಬೇಕು

ಯಾವುದಾದರೂ ಟೆಕ್ ಸಮಾವೇಶದ ಕೊನೆಯ ದಿನ ಸಂಜೆ ಹೊರಬಾಗಿಲ ಹತ್ತಿರ ನಿಂತು ನೋಡಿ. ಕೊರಳಲ್ಲಿ ಬ್ಯಾಡ್ಜ್, ಹೆಗಲಿಗೆ ಎರಡು ಬಿಟ್ಟಿ ಬಟ್ಟೆಚೀಲ, ಜೇಬಿನಲ್ಲಿ ಯಾರದೆಂದು ಮುಖವೂ ನೆನಪಾಗದ ನಲವತ್ತು ವಿಸಿಟಿಂಗ್ ಕಾರ್ಡು. ಹೇಗಾಯ್ತು ಎಂದು ಕೇಳಿದರೆ "ತುಂಬಾ ಜನ ಸಿಕ್ಕಿದ್ರು" ಎನ್ನುತ್ತಾರೆ. ಮೂರು ತಿಂಗಳು ಬಿಟ್ಟು ಕೇಳಿ. ಆ ಜನರಲ್ಲಿ ಒಬ್ಬರ ಜೊತೆಗೂ ಮಾತು ಮುಂದುವರಿದಿರುವುದಿಲ್ಲ. ಇದಕ್ಕೆ ಸಮಾವೇಶವನ್ನು ದೂರಿ ಉಪಯೋಗವಿಲ್ಲ. ಹೋಗುವ ಮುಂಚಿನ ನಾಲ್ಕು ವಾರದ ಕೆಲಸವೂ ಆಗಿಲ್ಲ, ಬಂದ ಮೇಲಿನ ಎರಡು ವಾರದ ಕೆಲಸವೂ ಆಗಿಲ್ಲ, ಅಷ್ಟೆ.

ಅಲ್ಲಿ ಸಿಗುವುದೇನು?

ಮೊದಲು ಸಿಗದಿರುವುದನ್ನು ಹೇಳಿಬಿಡೋಣ: ಹಣ. ಷೇರು ಪಡೆದು ಹೊಸ ಕಂಪನಿಗಳಲ್ಲಿ ಹಣ ಹೂಡುವ ವೆಂಚರ್ ಕ್ಯಾಪಿಟಲ್ (ವಿಸಿ) ಸಂಸ್ಥೆಯೊಂದರಲ್ಲಿ ನಿಮ್ಮ ಡೆಕ್ಕನ್ನು, ಅಂದರೆ ಕಂಪನಿಯನ್ನು ಪರಿಚಯಿಸುವ ಸ್ಲೈಡುಗಳನ್ನು, ಮೊದಲು ಕಿರಿಯ ಹುದ್ದೆಯ ಅನಲಿಸ್ಟ್ ಅಥವಾ ಅಸೋಸಿಯೇಟ್ ನೋಡುತ್ತಾರೆ, ಆಮೇಲೆ ಪಾರ್ಟ್ನರ್, ಆಮೇಲೆ ಹೂಡಿಕೆ ಸಮಿತಿ. ಅಲ್ಲಿ ಒಪ್ಪಿಗೆಯಾದರೆ ಹೂಡಿಕೆಯ ಮುಖ್ಯ ಷರತ್ತುಗಳ ಟರ್ಮ್ ಶೀಟ್, ನಂತರ ಲೆಕ್ಕಪತ್ರ ಮತ್ತು ಕಾನೂನು ತಪಾಸಣೆ, ಕೊನೆಗೆ ಷೇರುದಾರರ ಒಪ್ಪಂದ. ಎಲ್ಲ ಸುಸೂತ್ರವಾಗಿ ನಡೆದರೂ ತಿಂಗಳುಗಳೇ ಹಿಡಿಯುತ್ತವೆ. ಕೈಯಲ್ಲಿ ಎರಡು ತಿಂಗಳ ಸಂಬಳಕ್ಕೆ ಮಾತ್ರ ದುಡ್ಡಿದೆ, ಸಮಾವೇಶದಲ್ಲಿ ಏನಾದರೂ ಗಿಟ್ಟೀತು ಎಂದು ಹೊರಟರೆ ಆ ಆತುರ ನಿಮ್ಮ ಮುಖದಲ್ಲೇ ಕಾಣುತ್ತದೆ. ನಿಮ್ಮ ಕಂಪನಿಯ ಬೆಲೆ ಕುಸಿಯುವುದೂ ಅಲ್ಲಿಂದಲೇ.

ಸಿಗುವುದು ಭೇಟಿ, ಅದೂ ಒಂದೇ ಚಾವಣಿಯಡಿ. ಬೆಂಗಳೂರಿನಲ್ಲಿರುವವರಿಗೇ ಇದರ ಲೆಕ್ಕ ಚೆನ್ನಾಗಿ ಗೊತ್ತು. ಬೆಳಿಗ್ಗೆ ಕೋರಮಂಗಲದಲ್ಲಿ ಒಬ್ಬರು, ಮಧ್ಯಾಹ್ನ ಇಂದಿರಾನಗರದಲ್ಲಿ ಒಬ್ಬರು ಎಂದಿಟ್ಟುಕೊಂಡರೆ ದಿನ ಮುಗಿಯಿತು; ಮಳೆ ಬಂದರೆ ಎರಡನೆಯದೂ ಇಲ್ಲ. ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿಯವರು ಒಂದೊಂದು ಭೇಟಿಗೂ ರಾತ್ರಿ ಬಸ್ಸು ಹತ್ತಬೇಕು. ಚೆನ್ನಾಗಿ ಯೋಜಿಸಿದ ಎರಡು ದಿನದಲ್ಲಿ ಹತ್ತು ಹನ್ನೆರಡು ಜನರನ್ನು ಹದಿನೈದು ಹದಿನೈದು ನಿಮಿಷ ನೋಡಬಹುದು. ಹೊರಗೆ ಇದೇ ಕೆಲಸಕ್ಕೆ ಒಂದೂವರೆ ತಿಂಗಳು ಬೇಕು.

ಎರಡನೆಯ ಲಾಭವನ್ನು ಕೆಲವರು ಗುರುತಿಸುವುದೇ ಇಲ್ಲ. ಒಂದೇ ಮಾತನ್ನು ಎರಡು ದಿನದಲ್ಲಿ ಅರವತ್ತು ಸಲ ಹೇಳಿದಾಗ ಕೇಳುವವರು ಎಲ್ಲಿ ಹುಬ್ಬು ಗಂಟಿಕ್ಕುತ್ತಾರೆ, ಎಲ್ಲಿ ಫೋನಿನ ಕಡೆ ನೋಡುತ್ತಾರೆ ಎಂಬುದು ತಿಳಿಯುತ್ತದೆ. ಡೆಕ್ ತಿದ್ದುವುದಕ್ಕೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಅಮೆರಿಕದ ಆಸ್ಟಿನ್‌ನಲ್ಲಿ ನಡೆಯುವ ಸೌತ್ ಬೈ ಸೌತ್‌ವೆಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. 2007ರಲ್ಲಿ ಟ್ವಿಟರ್ ಅಲ್ಲಿಯ ಓಡಾಟದ ಜಾಗದಲ್ಲಿ ದೊಡ್ಡ ಪರದೆಗಳನ್ನಿಟ್ಟು ಬಂದವರ ಟ್ವೀಟುಗಳನ್ನೇ ತೋರಿಸಿತು, ಬಳಕೆ ಜಿಗಿಯಿತು. ಬಂದವರೇ ಅದರ ಗ್ರಾಹಕರಾಗಿದ್ದರು. ಮರುವರ್ಷ ಅದೇ ಸಮಾವೇಶವನ್ನು ನಂಬಿ ಹೋದ, ಜನರ ಮನೆಯಲ್ಲಿ ತಂಗಲು ಜಾಗ ಬುಕ್ ಮಾಡಿಕೊಡುವ ಏರ್‌ಬಿಎನ್‌ಬಿಗೆ ಸಿಕ್ಕಿದ್ದು ಎರಡೇ ಬುಕಿಂಗ್, ಅದರಲ್ಲೊಂದು ಸಂಸ್ಥಾಪಕ ಬ್ರಯಾನ್ ಚೆಸ್ಕಿಯದೇ. ಆದರೆ ಹಾಗೆ ಒಬ್ಬರ ಮನೆಯಲ್ಲಿ ಉಳಿದು ಕೈಯಾರೆ ನಗದು ಕೊಡಬೇಕಾಗಿ ಬಂದಾಗಿನ ಮುಜುಗರ ಅನುಭವಕ್ಕೆ ಬಂದ ಮೇಲೆ, ವೆಬ್‌ಸೈಟಿನಲ್ಲೇ ಹಣ ಪಾವತಿಸುವ ವ್ಯವಸ್ಥೆಯ ಕಡೆ ಅವರ ಗಮನ ಹರಿಯಿತು. ಎರಡು ಬುಕಿಂಗಿನ ಸಮಾವೇಶವೂ ಅಷ್ಟನ್ನು ಕಲಿಸಿತು.

ಯಾವುದಕ್ಕೆ ಹೋಗುವುದು?

ಬೆಂಗಳೂರು ಟೆಕ್ ಸಮಿಟ್‌ನಿಂದ ಶುರುಮಾಡೋಣ. 1998ರಲ್ಲಿ ಬೆಂಗಳೂರು ಐಟಿ ಡಾಟ್ ಕಾಮ್ ಎಂಬ ಹೆಸರಿನಲ್ಲಿ ಆರಂಭವಾದ, ರಾಜ್ಯ ಸರ್ಕಾರ ನಡೆಸುವ ಸಮಾವೇಶ ಇದು. ನವೆಂಬರ್‌ನಲ್ಲಿ ಮೂರು ದಿನ. ಬಹಳ ವರ್ಷ ಬೆಂಗಳೂರು ಅರಮನೆಯ ಆವರಣದಲ್ಲಿ ನಡೆದು, 2025ರಲ್ಲಿ ತುಮಕೂರು ರಸ್ತೆಯ ಮಾದಾವರದಲ್ಲಿರುವ ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರಕ್ಕೆ ಹೋಯಿತು. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್‌ನಿಂದ ಮಾದಾವರದವರೆಗೆ ಓಡುತ್ತಿದೆ. ಅಲ್ಲಿಗೆ ಕಾರು ತೆಗೆದುಕೊಂಡು ಹೋಗುವವರು ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕಿಕೊಂಡು ಮೊದಲ ಭೇಟಿಯನ್ನೇ ಕಳೆದುಕೊಳ್ಳುತ್ತಾರೆ.

ಈ ಸಮಿಟ್‌ನ ಬಲ ಸರ್ಕಾರಿ ಯೋಜನೆಗಳು, ದೊಡ್ಡ ಕಂಪನಿಗಳು ಮತ್ತು ಹೊರದೇಶದ ನಿಯೋಗಗಳು. ರಾಜ್ಯದ ಸ್ಟಾರ್ಟಪ್ ವಿಭಾಗದವರು ಎದುರಿಗೇ ಸಿಗುವುದರಿಂದ, 2017ರಲ್ಲಿ ಶುರುವಾದ 'ಎಲಿವೇಟ್' ಯೋಜನೆಯ ವಿಷಯ ಅಲ್ಲೇ ಕೇಳಿಕೊಳ್ಳಿ. ಆಯ್ಕೆಯಾದ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿಯವರೆಗೆ ಅನುದಾನ ಸಿಗುವ ಯೋಜನೆ ಅದು, ಷೇರು ಬಿಟ್ಟುಕೊಡಬೇಕಿಲ್ಲ. ವಿಸಿ ಪಾರ್ಟ್ನರ್‌ಗಳು ಇಂಥ ದೊಡ್ಡ ಜಾತ್ರೆಯಲ್ಲಿ ಮಳಿಗೆಯಿಂದ ಮಳಿಗೆಗೆ ಸುತ್ತುವುದು ಕಡಿಮೆ. ವೇದಿಕೆಯ ಮೇಲೆ ಮಾತಾಡಿ, ಒಂದೆರಡು ಭೇಟಿ ಮುಗಿಸಿ ಹೊರಡುತ್ತಾರೆ. ಅವರೇ ಬೇಕಿದ್ದರೆ ಸಂಸ್ಥಾಪಕರು ಮತ್ತು ಹೂಡಿಕೆದಾರರೇ ಹೆಚ್ಚು ಸೇರುವ ಸಭೆ ಹುಡುಕಬೇಕು: ಬೆಂಗಳೂರಿನ ಟೆಕ್‌ಸ್ಪಾರ್ಕ್ಸ್, ಉದ್ಯಮಿಗಳ ಸಂಘಟನೆಯಾದ ಟೈನ ಸಭೆಗಳು. ದೆಹಲಿಯ ಭಾರತ ಮಂಟಪದಲ್ಲಿ 2024ರಿಂದ ನಡೆಯುತ್ತಿರುವ ಸ್ಟಾರ್ಟಪ್ ಮಹಾಕುಂಭ ಹೆಸರಿಗೆ ತಕ್ಕಂತೆ ಕುಂಭಮೇಳವೇ, ಪಟ್ಟಿ ಇಲ್ಲದೆ ಹೋದರೆ ಕಾಲುನೋವು ಮಾತ್ರ.

ಇದಕ್ಕಿಂತ ಮುಖ್ಯವಾದದ್ದು ಗ್ರಾಹಕ ಇರುವ ಜಾತ್ರೆ. ಅಡಿಕೆ ವಿಂಗಡಿಸುವ ಯಂತ್ರ ಮಾಡುವವರಿಗೆ ಟೆಕ್ ಸಮಾವೇಶಕ್ಕಿಂತ ಜಿಕೆವಿಕೆ ಅಥವಾ ಧಾರವಾಡದ ಕೃಷಿಮೇಳವೇ ಮೇಲು. ಕಾರ್ಖಾನೆಗೆ ಬೇಕಾದ ಸೆನ್ಸರ್ ಮಾಡುವವರು ಮಾದಾವರದ ಯಂತ್ರೋಪಕರಣ ಪ್ರದರ್ಶನ ಇಮ್‌ಟೆಕ್ಸ್‌ಗೆ ಹೋಗಲಿ, ಡ್ರೋನ್ ಮಾಡುವವರು ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ಏರೊ ಇಂಡಿಯಾಕ್ಕೆ. "ಮೇಳದಲ್ಲಿ ಇಷ್ಟು ಜನ ಮುಂಗಡ ಕೊಟ್ಟರು" ಎಂಬ ಒಂದು ಸಾಲು ಆಮೇಲೆ ಹೂಡಿಕೆದಾರರ ಮುಂದೆ ಹತ್ತು ಸ್ಲೈಡಿನ ಕೆಲಸ ಮಾಡುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಾಕು. ತಿಂಗಳಿಗೊಂದು ಸಮಾವೇಶ ಎನ್ನುವವರ ಕಂಪನಿಯನ್ನು ಯಾರು ನಡೆಸುತ್ತಿದ್ದಾರೋ!

ದುಡ್ಡು ಕೊಟ್ಟು ಪಿಚ್ ಮಾಡುವ, ಅಂದರೆ ಹೂಡಿಕೆದಾರರ ಮುಂದೆ ಕಂಪನಿಯನ್ನು ಮಂಡಿಸುವ ವ್ಯಾಪಾರವೂ ಒಂದಿದೆ, ಎಚ್ಚರ. "ನಿಮ್ಮ ಸ್ಟಾರ್ಟಪ್ ಅಗ್ರ 50ರಲ್ಲಿ ಆಯ್ಕೆಯಾಗಿದೆ" ಎಂದು ಮೇಲ್ ಬರುತ್ತದೆ, ಕೆಳಗೆ ಭಾಗವಹಿಸುವ ಶುಲ್ಕ ಇರುತ್ತದೆ. ಎರಡು ಪ್ರಶ್ನೆ ಕೇಳಿ. ಕಳೆದ ವರ್ಷ ಯಾವ ಯಾವ ಫಂಡಿನಿಂದ ಯಾರು ಬಂದಿದ್ದರು? ಕಳೆದ ಸಲ ಪಿಚ್ ಮಾಡಿದ ಮೂರು ಕಂಪನಿಗಳ ಹೆಸರೇನು? ಉತ್ತರ ಬಂದರೆ ಆ ಮೂವರಿಗೂ ಫೋನ್ ಮಾಡಿ. ಬಾರದಿದ್ದರೆ ಅಲ್ಲಿಗೆ ಬಿಡಿ. ಪ್ರಶಸ್ತಿಗೆ ದುಡ್ಡು ಕೇಳುವವರ ವಿಷಯದಲ್ಲಿ ಯೋಚನೆಯೂ ಬೇಡ.

ಪಾಸ್ ಕೊಳ್ಳುವಾಗ ಅಗ್ಗದ್ದನ್ನು ನೋಡಿ ಮೋಸಹೋಗಬೇಡಿ. ಪ್ರದರ್ಶನ ನೋಡುವ ಪಾಸಿಗೂ ಡೆಲಿಗೇಟ್ ಪಾಸಿಗೂ ದರದಲ್ಲಿ ಅಜಗಜಾಂತರವಿರುತ್ತದೆ. ಆದರೆ ಭೇಟಿ ನಿಗದಿ ಮಾಡುವ ಆ್ಯಪ್ ಸಾಮಾನ್ಯವಾಗಿ ತೆರೆಯುವುದು ಎರಡನೆಯದಕ್ಕೆ ಮಾತ್ರ. ಕೊಳ್ಳುವ ಮೊದಲು "ಈ ಪಾಸಿನಲ್ಲಿ ಹೂಡಿಕೆದಾರರಿಗೆ ಮೆಸೇಜ್ ಕಳಿಸಬಹುದೇ" ಎಂದು ಲಿಖಿತವಾಗಿ ಕೇಳಿ. ಬಿಲ್ಲು ಕಂಪನಿಯ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆಯ ಸಮೇತ ಇರಲಿ. ಇಲ್ಲದಿದ್ದರೆ ಶೇ 18ರಷ್ಟು ತೆರಿಗೆಯ ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ) ಕೈಬಿಟ್ಟು ಹೋಗುತ್ತದೆ.

ಪಟ್ಟಿ

ನಾಲ್ಕು ವಾರ ಮುಂಚೆ ಒಂದು ಶೀಟ್ ತೆರೆಯಿರಿ. ಭಾಷಣಕಾರರು, ತೀರ್ಪುಗಾರರು, ಪ್ರಾಯೋಜಕರು, ಆ್ಯಪ್‌ನಲ್ಲಿ ಕಾಣುವ ಹೆಸರುಗಳು, ಎಲ್ಲ ಸೇರಿಸಿ ನಲವತ್ತು ಹೆಸರು ಬರೆಯಿರಿ. ಅರ್ಧ ಗ್ರಾಹಕರು ಮತ್ತು ಪಾಲುದಾರರು, ಅರ್ಧ ಹೂಡಿಕೆದಾರರು. ನಂತರ ಜರಡಿ ಹಿಡಿಯುವ ಕೆಲಸ.

ಹೂಡಿಕೆದಾರರನ್ನು ಜರಡಿ ಹಿಡಿಯಲು ನಾಲ್ಕು ವಿಷಯ ನೋಡಬೇಕು. ಒಂದು, ಯಾವ ಹಂತದಲ್ಲಿ ಹಾಕುತ್ತಾರೆ. ಆಗಲೇ ಬೆಳೆದ ಕಂಪನಿಗಳಲ್ಲಿ ಹಾಕುವ ಸೀರೀಸ್ ಬಿ ಫಂಡಿಗೆ ಮೊದಲ ಗ್ರಾಹಕ ಸಿಕ್ಕ ಕಂಪನಿ ತೋರಿಸಿ ಫಲವಿಲ್ಲ. ಎರಡು, ಒಂದು ಚೆಕ್ಕಿನ ಗಾತ್ರ. ಮೂರು, ನಿಮ್ಮ ಎದುರಾಳಿಯಲ್ಲಿ ಆಗಲೇ ಹಣ ಹಾಕಿದ್ದಾರೆಯೇ. ಹಾಕಿದ್ದರೆ ನಿಮ್ಮಲ್ಲಿ ಹಾಕುವುದು ಅಪರೂಪ, ಮಾಹಿತಿ ಮಾತ್ರ ಹೋಗುತ್ತದೆ.

ನಾಲ್ಕನೆಯದನ್ನು ಕೇಳುವವರು ಕಡಿಮೆ, ನಿಜವಾಗಿ ಕೇಳಬೇಕಾದ್ದು ಅದೇ: ಈಗಿನ ಫಂಡ್ ಎತ್ತಿದ್ದು ಯಾವ ವರ್ಷ? ವಿಸಿಗಳು ಹಾಕುವುದು ಸ್ವಂತ ದುಡ್ಡಲ್ಲ, ಬೇರೆಯವರಿಂದ ಸಂಗ್ರಹಿಸಿದ್ದು. ಫಂಡಿನ ಆಯುಸ್ಸು ಸುಮಾರು ಹತ್ತು ವರ್ಷ. ಹೊಸ ಕಂಪನಿಗಳಲ್ಲಿ ಹಾಕುವುದು ಮೊದಲ ಮೂರರಿಂದ ಐದು ವರ್ಷ ಮಾತ್ರ, ಉಳಿದದ್ದು ಹಳೆಯ ಕಂಪನಿಗಳಿಗೆ ಮತ್ತೆ ಹಾಕಲು. ಆರು ವರ್ಷ ಹಳೆಯ ಫಂಡಿನವರೂ ನಿಮ್ಮ ಮಾತನ್ನು ಆಸಕ್ತಿಯಿಂದ ಕೇಳುತ್ತಾರೆ, ಕಾಫಿಯನ್ನೂ ಕೊಡಿಸುತ್ತಾರೆ. ಹಾಕಲು ಅವರಲ್ಲಿ ಹಣ ಇರುವುದಿಲ್ಲ. ಹೆಸರೇ ಕೇಳಿರದ ಫಂಡಾದರೆ ಷೇರುಪೇಟೆ ನಿಯಂತ್ರಕ ಸೆಬಿಯ ವೆಬ್‌ಸೈಟಿನಲ್ಲಿ ನೋಂದಾಯಿತ ಪರ್ಯಾಯ ಹೂಡಿಕೆ ನಿಧಿಗಳ ಪಟ್ಟಿಯಿದೆ, ಅಲ್ಲಿ ನೋಡಿಕೊಳ್ಳಿ.

ಜರಡಿಯಲ್ಲಿ ಉಳಿದ ಇಪ್ಪತ್ತೈದು ಜನರಿಗೆ ಎರಡೂವರೆ ವಾರ ಮುಂಚೆ ಬರೆಯಿರಿ. ಮೆಸೇಜು ನಾಲ್ಕು ಸಾಲು ದಾಟಬಾರದು:

"ಶಿವಮೊಗ್ಗದ ಮಂಡಿಗಳಿಗೆ ಅಡಿಕೆ ವಿಂಗಡಿಸುವ ಯಂತ್ರ ಮಾಡುತ್ತೇವೆ. ಆರು ಯಂತ್ರ ಮಾರಿದ್ದೇವೆ, ಇಬ್ಬರು ಗ್ರಾಹಕರು ಎರಡನೆಯದನ್ನೂ ಕೊಂಡಿದ್ದಾರೆ. ನೀವು ಕೃಷಿ ಯಂತ್ರದ ಕಂಪನಿಯೊಂದರಲ್ಲಿ ಹೂಡಿರುವುದರಿಂದ ಬರೆಯುತ್ತಿದ್ದೇನೆ. ಬುಧವಾರ 12.30ಕ್ಕೋ ಗುರುವಾರ 3ಕ್ಕೋ ಹದಿನೈದು ನಿಮಿಷ ಸಿಗಬಹುದೇ?"

ಸಮಯವನ್ನು ನೀವೇ ಸೂಚಿಸಿರುವುದು ಇಲ್ಲಿಯ ಗುಟ್ಟು. "ನಿಮಗೆ ಅನುಕೂಲವಾದಾಗ" ಎಂದು ಬರೆದರೆ ಆ ಅನುಕೂಲ ಬರುವುದೇ ಇಲ್ಲ. ಉದ್ಘಾಟನೆಯ ದಿನ ಬೆಳಿಗ್ಗೆ ಯಾವ ಭೇಟಿಯನ್ನೂ ಇಟ್ಟುಕೊಳ್ಳಬೇಡಿ. ಗಣ್ಯರು ಬರುವ ಹೊತ್ತಿಗೆ ಗೇಟಿನಲ್ಲಿ ತಪಾಸಣೆ, ಬ್ಯಾಡ್ಜಿನ ಸಾಲು. ಹನ್ನೆರಡರವರೆಗೆ ಯಾರೂ ಹೇಳಿದ ಜಾಗಕ್ಕೆ ಬರಲಾರರು. ಜಾಗವನ್ನೂ ಖಚಿತವಾಗಿ ಹೇಳಿ: "ಎರಡನೇ ಹಾಲಿನ ನೋಂದಣಿ ಕೌಂಟರ್ ಎಡಕ್ಕೆ" ಎಂಬಷ್ಟು. ಒಳಗೆ ಫೋನ್ ಸಿಗುವುದು ಕಷ್ಟ.

ಪಾರ್ಟ್ನರ್ ಸಿಗದೆ ಅಸೋಸಿಯೇಟ್ ಬಂದರೆ ಮುಖ ಚಿಕ್ಕದು ಮಾಡಿಕೊಳ್ಳಬೇಡಿ. ಅವರ ಸಂಸ್ಥೆಯ ಸೋಮವಾರದ ಸಭೆಯಲ್ಲಿ ನಿಮ್ಮ ಹೆಸರು ಎತ್ತಬೇಕಾದವರು ಅವರೇ.

ಬಾಯಲ್ಲಿರಬೇಕಾದ ಮಾತು, ಬಾಯಲ್ಲಿರಬೇಕಾದ ಅಂಕಿ

ಅದೇ ಅಡಿಕೆ ಯಂತ್ರದವರು ಹೀಗೆ ಶುರುಮಾಡಿದರು ಎಂದುಕೊಳ್ಳಿ: "ನಮ್ಮದು ಕೃತಕ ಬುದ್ಧಿಮತ್ತೆ ಆಧಾರಿತ ಅಗ್ರಿಟೆಕ್ ಪ್ಲಾಟ್‌ಫಾರ್ಮ್." ಎದುರಿಗಿದ್ದವರು ಆ ದಿನ ಈ ಮಾತನ್ನು ಇಪ್ಪತ್ತನೇ ಸಲ ಕೇಳುತ್ತಿರುತ್ತಾರೆ. ಬದಲಿಗೆ: "ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವುದು ಇವತ್ತಿಗೂ ಕಣ್ಣಳತೆ, ಕೈಕೆಲಸ. ಜಾತಿ ತಪ್ಪಿದರೆ ಕ್ವಿಂಟಾಲಿಗೆ ಸಾವಿರಗಟ್ಟಲೆ ವ್ಯತ್ಯಾಸ. ನಮ್ಮ ಯಂತ್ರ ಗಂಟೆಗೆ ಇಷ್ಟು ಕಿಲೋ ಬೇರೆ ಮಾಡುತ್ತದೆ, ಬೆಲೆ ಇಷ್ಟು, ಮಂಡಿಯವರಿಗೆ ಇಷ್ಟು ತಿಂಗಳಲ್ಲಿ ದುಡ್ಡು ವಾಪಸ್." ಮೂವತ್ತು ಸೆಕೆಂಡಾಯಿತು. ಅಡಿಕೆ ಕಾಣದ ಮುಂಬೈಯವರಿಗೂ ತಿಳಿಯಿತು. ಇದನ್ನು ಗಡಿಯಾರ ಇಟ್ಟುಕೊಂಡು, ನಿಮ್ಮ ಕೆಲಸದ ಗಂಧಗಾಳಿ ಇಲ್ಲದ ನೆಂಟರೊಬ್ಬರ ಮುಂದೆ ಹೇಳಿ ನೋಡಿ. ಅವರು ತಿರುಗಿ ಹೇಳಬಲ್ಲರಾದರೆ ಮಾತು ಸಿದ್ಧ.

ಕಾಗದ ನೋಡದೆ ಹೇಳಬೇಕಾದ ಅಂಕಿಗಳು: ತಿಂಗಳ ವರಮಾನ, ಹಣ ಕೊಡುವ ಗ್ರಾಹಕರ ಸಂಖ್ಯೆ, ಒಂದು ಮಾರಾಟದಲ್ಲಿ ಉಳಿಯುವ ಹಣ, ತಿಂಗಳ ಖರ್ಚು, ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ, ಈಗ ಎಷ್ಟು ಬೇಕು ಮತ್ತು ಅದರಲ್ಲಿ ಏನು ಮಾಡಿ ಮುಗಿಸುತ್ತೀರಿ. ತಿಳಿಯದಿದ್ದರೆ "ನಾಳೆ ಕಳಿಸುತ್ತೇನೆ" ಎನ್ನಿ. ಅಂದಾಜಿನಲ್ಲಿ ಹೇಳಿದ ಅಂಕಿ ಅವರ ಟಿಪ್ಪಣಿಯಲ್ಲಿ ಉಳಿದು, ಮೂರು ತಿಂಗಳ ನಂತರ ಲೆಕ್ಕಪತ್ರ ತಪಾಸಣೆಯಲ್ಲಿ ಎದುರಿಗೆ ಬರುತ್ತದೆ.

ಕಾರಿಡಾರಿನಲ್ಲಿ ನಿಂತು ಮಾತಾಡುವಾಗ ಅತಿ ಹೆಚ್ಚು ಎಡವುವುದು ವ್ಯಾಲ್ಯುಯೇಶನ್, ಅಂದರೆ ಕಂಪನಿಯ ಬೆಲೆಯ ವಿಷಯದಲ್ಲಿ. ನಿಮಗೆ 1.5 ಕೋಟಿ ಬೇಕು, "ಆರು ಕೋಟಿ ವ್ಯಾಲ್ಯುಯೇಶನ್" ಎನ್ನುತ್ತೀರಿ. ಆರು ಕೋಟಿ ಹಣ ಬರುವ ಮುಂಚಿನದಾದರೆ ಬಂದ ಮೇಲೆ ಕಂಪನಿಯ ಬೆಲೆ 7.5 ಕೋಟಿ, ನೀವು ಕೊಡುವುದು ಶೇ 20. ಆರು ಕೋಟಿ ಹಣ ಬಂದ ಮೇಲಿನದು ಎಂದು ಅವರು ತಿಳಿದರೆ ಶೇ 25. ಒಂದೇ ಶಬ್ದ ಬಿಟ್ಟಿದ್ದಕ್ಕೆ ಕಂಪನಿಯ ಶೇ 5ರಷ್ಟು ವ್ಯತ್ಯಾಸ. ಪ್ರೀ-ಮನಿಯೋ (ಹಣ ಬರುವ ಮುಂಚಿನದು) ಪೋಸ್ಟ್-ಮನಿಯೋ (ಬಂದ ಮೇಲಿನದು) ಎಂಬುದನ್ನು ಸೇರಿಸಿಯೇ ಹೇಳಿ. ಇನ್ನೂ ಒಳ್ಳೆಯದೆಂದರೆ ಮೊದಲ ಭೇಟಿಯಲ್ಲಿ ಬೇಕಾದ ಮೊತ್ತ ಮಾತ್ರ ಹೇಳಿ, ಬೆಲೆಯನ್ನು ಮುಂದಕ್ಕೆ ಹಾಕುವುದು.

ಡೆಮೊ ತೋರಿಸುವ ಮೊದಲು ಪೇಟೆಂಟ್

ಯಂತ್ರ, ಸಾಧನ, ರಾಸಾಯನಿಕ ವಿಧಾನ, ಹೀಗೆ ಪೇಟೆಂಟಿಗೆ ಅರ್ಹವಾದದ್ದು ಏನಾದರೂ ನಿಮ್ಮಲ್ಲಿದ್ದರೆ ಈ ಭಾಗವನ್ನು ಎರಡು ಸಲ ಓದಿ. ಅರ್ಜಿ ಹಾಕುವ ಮೊದಲೇ ಸಾರ್ವಜನಿಕವಾಗಿ ತೋರಿಸಿದರೆ "ಹೊಸತು" ಎಂಬ ಮೂಲ ಅರ್ಹತೆಯೇ ಹೋಗಬಹುದು. ಭಾರತದ 1970ರ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ ಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಕೊಡುತ್ತದೆ ನಿಜ. ಆದರೆ ಅದು ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಕ್ಕೆ ಮಾತ್ರ. ನೀವು ಹೋಗುವ ಸಮಾವೇಶ ಸರ್ಕಾರದ್ದೇ ಆದರೂ ಹಾಗೆ ಅಧಿಸೂಚಿತವಾಗಿದೆ ಎಂದು ಭಾವಿಸಿಕೊಳ್ಳಬೇಡಿ. ಅಮೆರಿಕದಲ್ಲಿ ಸಂಶೋಧಕರೇ ಬಹಿರಂಗಪಡಿಸಿದ್ದಕ್ಕೆ ಒಂದು ವರ್ಷದ ಅವಕಾಶವಿದೆ. ಯುರೋಪಿನಲ್ಲಿ ಅಂಥ ಸಾಮಾನ್ಯ ಅವಕಾಶ ಇಲ್ಲವೆಂದೇ ಇಟ್ಟುಕೊಳ್ಳಿ.

ದಾರಿ ಸುಲಭವಿದೆ. ಸಮಾವೇಶಕ್ಕೆ ಮೊದಲು ಪ್ರಾವಿಶನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಆನ್‌ಲೈನಿನಲ್ಲಿ ಸ್ಟಾರ್ಟಪ್‌ಗಳಿಗೆ ಮೂಲ ಶುಲ್ಕ 1,600 ರೂಪಾಯಿ, ವಕೀಲರ ಫೀ ಬೇರೆ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಬೇಕು. ಪ್ರಾವಿಶನಲ್‌ನಲ್ಲಿ ಏನು ಬರೆದಿದ್ದೀರೋ ಅದಕ್ಕೆ ಮಾತ್ರ ರಕ್ಷಣೆ. ಆದ್ದರಿಂದ ಅರ್ಧ ಪುಟ ಗೀಚಿ ಹಾಕಿ, ಮಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಬಿಚ್ಚಿ ತೋರಿಸಿದರೆ ಹಾಕಿದ್ದೂ ವ್ಯರ್ಥ. ಹೂಡಿಕೆದಾರರಿಂದ ಗೌಪ್ಯತಾ ಒಪ್ಪಂದಕ್ಕೆ ಸಹಿ ಕೇಳುವ ಯೋಚನೆ ಬಿಡಿ. ವಿಸಿಗಳು ಮೊದಲ ಭೇಟಿಯಲ್ಲಿ ಸಹಿ ಹಾಕುವುದಿಲ್ಲ.

ಮಳಿಗೆ ಹಾಕುವುದಾದರೆ

ಸಾಮಾನ್ಯ ಮಳಿಗೆ ಎಂದರೆ 3 ಮೀಟರ್ ಉದ್ದ, 3 ಮೀಟರ್ ಅಗಲ: ಮೂರು ಕಡೆ ಗೋಡೆ, ಮೇಲೆ ಹೆಸರಿನ ಪಟ್ಟಿ, ಒಂದು ಮೇಜು, ಎರಡು ಕುರ್ಚಿ, ಎರಡು ಮೂರು ದೀಪ, ಒಂದು 5 ಆಂಪಿಯರ್ ಪ್ಲಗ್ ಪಾಯಿಂಟ್. ಸ್ಟಾರ್ಟಪ್ ಪಾಡ್ ಆದರೆ ಒಬ್ಬರು ನಿಲ್ಲುವಷ್ಟು ಜಾಗ. ಅನಾಹುತ ಶುರುವಾಗುವುದು ಆ ಪ್ಲಗ್ ಪಾಯಿಂಟಿನಿಂದ. ಮೋಟಾರ್ ಇರುವ ಯಂತ್ರದ ದಪ್ಪ ಮೂರು ಕಡ್ಡಿಯ 15 ಆಂಪಿಯರ್ ಪ್ಲಗ್ ಅದರೊಳಗೆ ಹೋಗುವುದೇ ಇಲ್ಲ. ಪರಿವರ್ತಕ ಸಿಕ್ಕಿಸಿ ಹಾಕಿದರೆ ಮೋಟಾರ್ ಶುರುವಾಗುವ ಕ್ಷಣ ಎಳೆಯುವ ಕರೆಂಟಿಗೆ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಕಡಿಯುವ ಸ್ವಿಚ್) ಬೀಳುತ್ತದೆ, ಜೊತೆಗೆ ಪಕ್ಕದ ಎರಡು ಮಳಿಗೆಯೂ ಕತ್ತಲು. ಎಷ್ಟು ಕಿಲೋವಾಟ್ ಬೇಕೆಂದು ಅರ್ಜಿಯಲ್ಲೇ ಬರೆದು ಹಣ ಕಟ್ಟಬೇಕು. ಹಿಂದಿನ ದಿನ ಅಲ್ಲಿಯ ಎಲೆಕ್ಟ್ರಿಶಿಯನ್‌ನ್ನು ಗೋಗರೆದರೆ ಆಗುವ ಕೆಲಸವಲ್ಲ. ರಾತ್ರಿ ಹಾಲಿನ ಕರೆಂಟ್ ತೆಗೆಯುತ್ತಾರೆ ಎಂಬುದೂ ನೆನಪಿರಲಿ. ಮಾದರಿಗಳನ್ನು ತಣ್ಣಗಿಡಬೇಕಾದ ಬಯೋಟೆಕ್‌ನವರು 24 ಗಂಟೆ ಸಂಪರ್ಕವನ್ನು ಬೇರೆಯಾಗಿ ಕೇಳಿಕೊಳ್ಳಬೇಕು.

ಎರಡನೆಯ ಶತ್ರು ವೈಫೈ. ಆಫೀಸಿನಲ್ಲಿ ನೀರು ಕುಡಿದಂತೆ ಓಡಿದ ಡೆಮೊ ಇಲ್ಲಿ ಗಿರಗಿರ ಸುತ್ತುತ್ತ ನಿಲ್ಲುತ್ತದೆ. ಸಾವಿರಾರು ಫೋನುಗಳು, ನೂರಾರು ಹಾಟ್‌ಸ್ಪಾಟುಗಳು 2.4 ಗಿಗಾಹರ್ಟ್ಸ್‌ನ ಅದೇ ಮೂರು ಚಾನೆಲ್ಲುಗಳಿಗೆ ಕಚ್ಚಾಡುತ್ತಿರುತ್ತವೆ, ಬ್ಲೂಟೂತ್ ಕೂಡ ಅದೇ ಗದ್ದಲದಲ್ಲಿರುತ್ತದೆ. ಮೊಬೈಲ್ ಡೇಟಾದ ಕಥೆಯೂ ಅಷ್ಟೆ. ಇಂಟರ್ನೆಟ್ ಇಲ್ಲದೆ ಲ್ಯಾಪ್‌ಟಾಪಿನಲ್ಲೇ ಓಡುವ ಡೆಮೊ ಒಂದು, ಅದೂ ಕೈಕೊಟ್ಟರೆ ತೋರಿಸಲು ಅರವತ್ತು ಸೆಕೆಂಡಿನ ವಿಡಿಯೊ ಒಂದು, ಎರಡೂ ಇರಲಿ. ವಿಡಿಯೊದಲ್ಲಿ ಅಕ್ಷರ ಮೂಡಿಸಿ, ಆ ಸದ್ದಿನಲ್ಲಿ ಧ್ವನಿ ಕೇಳಿಸದು. ಸಾಧನ ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಣೆಯಾಗಬೇಕಿದ್ದರೆ ಯುಎಸ್‌ಬಿ ತಂತಿಯ ದಾರಿಯನ್ನೂ ಇಟ್ಟುಕೊಳ್ಳಿ.

ಮೇಜನ್ನು ಮಳಿಗೆಯ ಬಾಯಿಗೆ ಅಡ್ಡಲಾಗಿ ಇಡುವುದು ರೂಢಿ. ತೆಗೆದು ಪಕ್ಕದ ಗೋಡೆಗೆ ಸೇರಿಸಿ. ಅಡ್ಡವಿದ್ದರೆ ಜನ ಕಿರಾಣಿ ಅಂಗಡಿಯ ಮುಂದೆ ನಿಂತಂತೆ ಹೊರಗೇ ನಿಲ್ಲುತ್ತಾರೆ. ಬ್ಯಾನರಿನಲ್ಲಿ ಕಂಪನಿಯ ಹೆಸರು ಸಣ್ಣದಾಗಿರಲಿ, ಯಾವ ತೊಂದರೆ ನೀಗಿಸುತ್ತೀರಿ ಎಂಬುದು ದೊಡ್ಡದಾಗಿರಲಿ. ಓದಬೇಕಾದದ್ದೆಲ್ಲ ನಾಲ್ಕು ಅಡಿಗಿಂತ ಮೇಲೆ, ಕೆಳಗಿನದು ನಿಂತವರ ಕಾಲಿನ ಹಿಂದೆ ಮುಚ್ಚಿಹೋಗುತ್ತದೆ. ಕನಿಷ್ಠ ಇಬ್ಬರು ಬೇಕು. ಒಬ್ಬರೇ ಇದ್ದರೆ ನೀವು ಭೇಟಿಗೆ ಹೋದ ಹೊತ್ತಿಗೇ ಬರಬೇಕಾದವರು ಬಂದು ಖಾಲಿ ಕುರ್ಚಿ ನೋಡಿ ಹೋಗಿರುತ್ತಾರೆ.

ಹಾಲಿನೊಳಗೆ

ಭಾಷಣ ಕೇಳುತ್ತ ಕೂರಬೇಡಿ, ಹೆಚ್ಚಿನವು ಆಮೇಲೆ ಯೂಟ್ಯೂಬಿನಲ್ಲಿ ಸಿಗುತ್ತವೆ. ಪಟ್ಟಿಯಲ್ಲಿರುವವರು ಮಾತಾಡುವುದಿದ್ದರೆ ಮಾತ್ರ ಹೋಗಿ, ಮುಂದಿನ ಸಾಲಿನ ಅಂಚಿನಲ್ಲಿ ಕೂರಿ. ಮುಗಿದ ಮೇಲೆ ಎಲ್ಲರೂ ಹೆಸರಾಂತರನ್ನು ಮುತ್ತಿಕೊಳ್ಳುತ್ತಾರೆ. ಅದೇ ವೇದಿಕೆಯಲ್ಲಿ ಕೂತಿದ್ದ, ಯಾರೂ ಸುತ್ತುವರಿಯದ ಇನ್ನೊಬ್ಬರು ಹತ್ತು ನಿಮಿಷ ಕೊಡುತ್ತಾರೆ. ಊಟ 12.15ಕ್ಕೇ ಮುಗಿಸಿ, ಒಂದು ಗಂಟೆಯ ಸಾಲಿನಲ್ಲಿ ನಿಂತವರ ಜೊತೆ ಮಾತಾಡುತ್ತ ನಿಲ್ಲಿ. ಊಟದ ಸಾಲಿನಲ್ಲಿ ಯಾರಿಗೂ ಓಡುವ ಅವಸರವಿರುವುದಿಲ್ಲ.

ಹದಿನೈದು ನಿಮಿಷದ ಭೇಟಿಯಲ್ಲಿ ನಿಮ್ಮ ಮಾತು ಮೂರು ನಿಮಿಷ, ಡೆಮೊ ಎರಡು ನಿಮಿಷ, ಉಳಿದದ್ದು ಅವರ ಪ್ರಶ್ನೆಗೆ. ಏಳುವ ಮೊದಲು ಒಂದನ್ನು ಕೇಳಿ: "ಇದು ನಿಮಗೆ ಸರಿಹೊಂದಬೇಕಾದರೆ ಮುಂದಿನ ಆರು ತಿಂಗಳಲ್ಲಿ ನಾವು ಏನು ತೋರಿಸಬೇಕು?" ಖಚಿತ ಉತ್ತರ ಬಂದರೆ ಆಸಕ್ತಿ ಇದೆ. "ಸ್ವಲ್ಪ ಬೇಗ ಆಯ್ತು, ಸಂಪರ್ಕದಲ್ಲಿರೋಣ" ಎಂದರೆ ಸದ್ಯಕ್ಕೆ ಇಲ್ಲ. "ಬೇರೆಯವರು ಲೀಡ್ ಮಾಡಿದರೆ ನಾವೂ ಬರುತ್ತೇವೆ" ಎಂದರೂ ಸದ್ಯಕ್ಕೆ ಇಲ್ಲವೆಂದೇ ಅರ್ಥ, ಆದರೆ ಲೀಡ್, ಅಂದರೆ ಮುಂದಾಳಾಗಿ ಹೂಡುವವರು ಸಿಕ್ಕ ದಿನ ಅವರಿಗೆ ಮೇಲ್ ಹೋಗಬೇಕು. ನೇರವಾಗಿ ಬೇಡ ಎಂದವರಿಗೆ ಥ್ಯಾಂಕ್ಸ್ ಹೇಳಿ, "ಇದರಲ್ಲಿ ಆಸಕ್ತಿ ಇರುವವರು ಯಾರಾದರೂ ನಿಮಗೆ ಹೊಳೆಯುತ್ತಾರೆಯೇ" ಎಂದು ಕೇಳಿ. ಒಂದು ಹೆಸರಾದರೂ ಸಿಗುತ್ತದೆ.

ಮಾತು ಮುಗಿದ ಕೂಡಲೇ, ಮುಂದಿನವರ ಹತ್ತಿರ ಹೋಗುವ ಮೊದಲು, ಫೋನಿಗೆ ಮೂವತ್ತು ಸೆಕೆಂಡ್ ಧ್ವನಿ ಮುದ್ರಿಸಿಕೊಳ್ಳಿ: ಯಾರು, ಏನು ಕೇಳಿದರು, ನೀವು ಏನು ಕಳಿಸುತ್ತೇನೆಂದಿರಿ. ಸಂಜೆ ಬರೆದುಕೊಳ್ಳೋಣ ಎಂದರೆ ಐದನೆಯವರ ಪ್ರಶ್ನೆ ಎಂಟನೆಯವರ ತಲೆಗೆ ಕಟ್ಟಿರುತ್ತೀರಿ.

ಬಂದ ಮೇಲೆ

48 ಗಂಟೆಯೊಳಗೆ ಮೇಲ್ ಹೋಗಬೇಕು. ಮೊದಲ ಸಾಲಿನಲ್ಲಿ ಎಲ್ಲಿ ಸಿಕ್ಕಿದ್ದು, ಅವರು ಕೇಳಿದ ಪ್ರಶ್ನೆ ಯಾವುದು. ಎರಡನೆಯದರಲ್ಲಿ ಅದಕ್ಕೆ ಉತ್ತರ. ಮೂರನೆಯದರಲ್ಲಿ ಮುಂದಿನ ಹೆಜ್ಜೆ, ದಿನಾಂಕ ಸಮೇತ. ಡೆಕ್ ಪಿಡಿಎಫ್‌ನಲ್ಲಿ, ಐದು ಎಂಬಿ ಒಳಗೆ, ಕಡತದ ಹೆಸರಿನಲ್ಲಿ ಕಂಪನಿಯ ಹೆಸರು ಮತ್ತು ತಿಂಗಳು. "ಫೈನಲ್ ವಿ3" ಎಂಬ ಹೆಸರಿನ ಕಡತ ಎಲ್ಲರ ಕಂಪ್ಯೂಟರಿನಲ್ಲೂ ಹತ್ತು ಇರುತ್ತವೆ. ಡ್ರೈವ್ ಲಿಂಕ್ ಕಳಿಸುವುದಾದರೆ ನಿಮ್ಮದಲ್ಲದ ಖಾತೆಯಿಂದ ಒಮ್ಮೆ ತೆರೆದು ನೋಡಿ. ಅನುಮತಿ ಕೇಳುವ ಪುಟ ಕಂಡವರು ಅಲ್ಲಿಗೇ ಮುಚ್ಚಿಬಿಡುತ್ತಾರೆ, ನೀವು ಎರಡು ವಾರ ಉತ್ತರಕ್ಕೆ ಕಾಯುತ್ತೀರಿ.

ಉತ್ತರ ಬಾರದಿದ್ದರೆ ಎಂಟು ಹತ್ತು ದಿನದ ನಂತರ ಇನ್ನೊಂದು, ಆದರೆ ಹೊಸ ಸುದ್ದಿಯೊಂದಿಗೆ: ಹೊಸ ಗ್ರಾಹಕ, ಮುಗಿದ ಪ್ರಯೋಗ. "ನೋಡಿದಿರಾ?" ಎಂದಷ್ಟೇ ಕೇಳುವ ಮೇಲ್ ಬೇಡ. ಮೂರನೆಯದಕ್ಕೂ ಮೌನವಾದರೆ ಒಪ್ಪಿಗೆ ಕೇಳಿ ತಿಂಗಳ ವರದಿಯ ಪಟ್ಟಿಗೆ ಸೇರಿಸಿ, ಬೆನ್ನು ಹತ್ತುವುದು ಬಿಡಿ.

ಹೊರದೇಶದ ಸಮಾವೇಶ

ಲಿಸ್ಬನ್‌ನ ವೆಬ್ ಸಮಿಟ್, ಹೆಲ್ಸಿಂಕಿಯ ಸ್ಲಶ್ ಎರಡೂ ನವೆಂಬರ್‌ನಲ್ಲಿ, ಎರಡಕ್ಕೂ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೊ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನ ಕನಿಷ್ಠ ಎಂದು ನಿಯಮ ಹೇಳಿದರೂ ಅಪಾಯಿಂಟ್‌ಮೆಂಟ್ ಸಿಗುವುದೇ ತಡ, ಎರಡು ಮೂರು ತಿಂಗಳು ಮುಂಚೆ ಶುರುಮಾಡಿ. ಯಂತ್ರವನ್ನು ತೋರಿಸಿ ವಾಪಸ್ ತರುವುದಾದರೆ ಎಟಿಎ ಕಾರ್ನೆಟ್ ಎಂಬ ಸುಂಕದ ದಾಖಲೆ ಮಾಡಿಸಿ. ಅದಿದ್ದರೆ ಅಲ್ಲಿಯೂ ಸುಂಕವಿಲ್ಲ, ತಿರುಗಿ ಬರುವಾಗ ಇಲ್ಲಿಯೂ ತಕರಾರಿಲ್ಲ. ಭಾರತದಲ್ಲಿ ಉದ್ಯಮಗಳ ಒಕ್ಕೂಟ ಫಿಕ್ಕಿ ಕೊಡುತ್ತದೆ, ಅವಧಿ ಒಂದು ವರ್ಷ. ಲಿಥಿಯಂ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಹೋಗಬೇಕು. 100 ವಾಟ್-ಅವರ್ ದಾಟಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು, 160 ದಾಟಿದರೆ ಪ್ರಯಾಣಿಕರ ಸಾಮಾನಿನಲ್ಲಿ ಒಯ್ಯುವಂತಿಲ್ಲ. ನಿಮ್ಮ ದೇಶದ ಹೂಡಿಕೆದಾರರನ್ನೇ ಇನ್ನೂ ನೋಡಿಲ್ಲ ಎಂದಾದರೆ, ಅಲ್ಲಿ ಗ್ರಾಹಕರಿದ್ದರೆ ಮಾತ್ರ ಈ ಖರ್ಚು ಮಾಡಿ.

ಕೊನೆಗೆ ಆ ಶೀಟಿನಲ್ಲಿ ಇನ್ನೊಂದು ಕಾಲಂ ಸೇರಿಸಿ: "90 ದಿನದ ನಂತರ". ಪಾಸು, ಬಸ್ಸು, ರೂಮು, ಊಟ ಸೇರಿ 18,000 ಖರ್ಚಾಗಿ, ಆರು ಜನರ ಜೊತೆ ಎರಡನೇ ಮಾತು ನಡೆದಿದ್ದರೆ ಒಂದಕ್ಕೆ 3,000 ಬಿತ್ತು. ಆ ಕಾಲಂ ಪೂರ್ತಿ ಖಾಲಿ ಉಳಿದರೆ, ಮುಂದಿನ ವರ್ಷ ಅದೇ ಸಮಾವೇಶದ ರಿಯಾಯಿತಿ ಮೇಲ್ ಬಂದಾಗ ಮೊದಲು ಈ ಶೀಟನ್ನು ತೆರೆಯಿರಿ.